ಟ್ರ್ಯಾಕ್ ಮೇಲೆ ಎಲೆಕ್ಟ್ರಿಕ್ ಕಾರು: ಲೆಕ್ಕವೆಲ್ಲ ಬಿಸಿಯದ್ದೇ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದು ಎರಕದ ಕೆಲಸ. ರೇಸ್ ಟ್ರ್ಯಾಕ್ ಮೇಲೆ ಕಾರು ಓಡಿಸುವುದು ನನ್ನ ಹುಚ್ಚು. ನಮ್ಮ ಊರಲ್ಲಿ ಅಂಥ ಟ್ರ್ಯಾಕ್ ಇಲ್ಲ, ಹಾಗಾಗಿ ರಜೆ ಸಿಕ್ಕಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತೇನೆ. ಮೊದಲು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಯ್ಯುತ್ತಿದ್ದೆ. ಈಗ ಮನೆಗೆಂದು ತಗೊಂಡ ಎಲೆಕ್ಟ್ರಿಕ್ ಕಾರನ್ನೇ ಇಳಿಸುತ್ತೇನೆ. ಜೊತೆಗೆ ಬರುವ ಗೆಳೆಯರದ್ದು ಒಂದೇ ಮಾತು: "ಸದ್ದಿಲ್ಲ, ಗೇರಿಲ್ಲ, ಇದೇನ್ ಮಜಾರೀ ಅಣ್ಣಾ? ಮಿಕ್ಸರ್ ಓಡಿಸಿದಂಗ ಐತಿ!"

ಮಜಾ ಸದ್ದಿಲ್ಲದ್ದರಲ್ಲೇ ಇದೆ. ಎಂಜಿನ್ ಗದ್ದಲ ಇಲ್ಲದಾಗ ಟೈರ್ ಮಾತಾಡುವುದು ಕೇಳುತ್ತದೆ. ಹಿಡಿತ ತಪ್ಪುವ ಮುಂಚೆ ಅದು ಸಣ್ಣಗೆ ಕಿರುಗುಟ್ಟಲು ಶುರು ಮಾಡುತ್ತದೆ. ಕ್ಲಚ್, ಗೇರ್ ಕಡೆ ಗಮನ ಹೋಗುವುದಿಲ್ಲ. ಎಲ್ಲಿ ಬ್ರೇಕ್ ಒತ್ತಬೇಕು, ಎಲ್ಲಿ ತಿರುಗಬೇಕು, ಅಷ್ಟೇ ತಲೆಯಲ್ಲಿ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸಿಗುತ್ತದೆ. ಬ್ಯಾಟರಿ ತಳದಲ್ಲಿರುವುದರಿಂದ ಎತ್ತರದ ಕಾರೂ ಅಷ್ಟಾಗಿ ವಾಲುವುದಿಲ್ಲ. ಕಲಿಯುವವರಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

"ಚಾರ್ಜ್ ಸಾಕಾಗತೈತೇನ್ರಿ?" ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕಾಡುವುದು ಬಿಸಿ. ಬ್ಯಾಟರಿಯಿಂದ ಎಳೆಯುವ ಕರೆಂಟ್ ಎರಡು ಪಟ್ಟಾದರೆ ಒಳಗೆ ಹುಟ್ಟುವ ಬಿಸಿ ನಾಲ್ಕು ಪಟ್ಟು. ಮಿತಿ ದಾಟಿದರೆ ಕಾರು ತಾನೇ ಪವರ್ ಇಳಿಸುತ್ತದೆ. ಅದು ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಹಾಗಾಗಿ ನಾನು ಒಂದು ಸುತ್ತು ನಿಧಾನ, ಒಂದೆರಡು ಸುತ್ತು ಜೋರು, ಆಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದಷ್ಟು ಹಗುರವಾಗಿ ಓಡಿಸಿ ಒಳಗೆ ಬರುತ್ತೇನೆ. ಕರಿ ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕ್, ಈ ಪದ್ಧತಿಗೆ ಹೇಳಿ ಮಾಡಿಸಿದ್ದು. ಬಂದ ಮೇಲೆ ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ. ಕೆಂಡವಾದ ಬ್ರೇಕ್ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯಬಾರದು. ಎರಕದವನಿಗೆ ಅಷ್ಟು ಗೊತ್ತಿರಲೇಬೇಕಲ್ವಾ!

ಬ್ರೇಕಿನ ಲೆಕ್ಕ ಇನ್ನೂ ದೊಡ್ಡದು. 1400 ಕಿಲೋ ತೂಕದ ಕಾರನ್ನು ಗಂಟೆಗೆ 130 ಕಿ.ಮೀ.ನಿಂದ 60ಕ್ಕೆ ಇಳಿಸಿದರೆ ಒಂದು ಯೂನಿಟ್ ವಿದ್ಯುತ್ತಿನ ಐದನೇ ಒಂದು ಪಾಲಿನಷ್ಟು ಶಕ್ತಿ ಎಲ್ಲಾದರೂ ಹೋಗಬೇಕು. ಸ್ವಲ್ಪ ಮೋಟಾರ್ ಮೂಲಕ ಬ್ಯಾಟರಿಗೆ ವಾಪಸ್ ಹೋಗುತ್ತದೆ, ಅದೇ ರೀಜೆನ್. ಗಟ್ಟಿ ಬ್ರೇಕ್ ಹೊಡೆದಾಗ ಉಳಿದದ್ದೆಲ್ಲ ಡಿಸ್ಕಿನ ಪಾಲು. ಹಾಗಾಗಿ ಹೊರಡುವ ಮುಂಚೆ ಬ್ರೇಕ್ ಆಯಿಲ್ ಬದಲಿಸುತ್ತೇನೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಹಳೆಯದು ತೇವ ಹೀರಿಕೊಂಡು ಅದಕ್ಕಿಂತ ಬಹಳ ಮುಂಚೆಯೇ ಕುದಿಯುತ್ತದೆ. ಆಗ ಪೆಡಲ್ ಮೆತ್ತಗಾಗಿ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಟ್ರ್ಯಾಕ್‌ಗೆ ಇಳಿಯಬೇಡಿ. ತುಂಬಿದ ಬ್ಯಾಟರಿ ರೀಜೆನ್ ತಗೊಳ್ಳುವುದಿಲ್ಲ, ಚಾರ್ಜ್ ಇಳಿದಂತೆ ಕಾಲಿಗೆ ಸಿಗುವ ಅಂದಾಜೇ ಬದಲಾಗುತ್ತದೆ. ನಾನು ಶೇ. 85ರ ಸುತ್ತಮುತ್ತ ಶುರು ಮಾಡುತ್ತೇನೆ. ರೀಜೆನ್ ಕೂಡ ಕಡಿಮೆ ಮಟ್ಟದಲ್ಲಿಡುತ್ತೇನೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ, ಜೋರು ರೀಜೆನ್‌ನಿಂದ ಭಾರ ಮುಂದೆ ಬಿದ್ದು ಹಿಂದಿನ ಭಾಗ ಜಾರಬಹುದು.

ಚಾರ್ಜಿಂಗ್ ಮಾತ್ರ ಈಗಲೂ ತಲೆನೋವು. 15 ಆಂಪಿಯರ್ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ ಏರುವುದೇ ಹೆಚ್ಚು. ಮಧ್ಯಾಹ್ನ ಹತ್ತಿರದ ಫಾಸ್ಟ್ ಚಾರ್ಜರ್‌ಗೆ ಹೋಗಿ ಬರಬೇಕು. ಆ ಚಾರ್ಜಿಂಗ್ ಕೂಡ ಬ್ಯಾಟರಿಗೆ ಬಿಸಿಯೇ, ಹಾಗಾಗಿ ಊಟ ಸಾವಕಾಶ ಮಾಡುತ್ತೇನೆ. ಸದ್ದು, ಗೇರು ಬೇಕೆನ್ನುವವರಿಗೆ ಹ್ಯುಂಡೈ ತನ್ನ ಐಯಾನಿಕ್ 5 ಎನ್ ಎಂಬ ಎಲೆಕ್ಟ್ರಿಕ್ ಕಾರಿಗೆ ಸುಳ್ಳು ಗೇರು, ಸುಳ್ಳು ಸದ್ದು ಎರಡನ್ನೂ ಕೊಟ್ಟಿದೆ. ನನಗೆ ಅದು ಬೇಡ, ಆ ಜಾಗದಲ್ಲಿ ಇನ್ನಷ್ಟು ತಂಪು ಮಾಡುವ ವ್ಯವಸ್ಥೆ ಕೊಟ್ಟರೆ ಸಾಕು.

ಹೋಗುವವರು ವಿಮೆ ಪತ್ರವನ್ನೂ ಓದಿ. ಸಾಮಾನ್ಯ ಪಾಲಿಸಿ ರೇಸ್, ವೇಗ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ. ಅದೇ ಕಾರಿನಲ್ಲಿ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಹಾದು ಮನೆಗೆ ಬರಬೇಕಲ್ಲ, ಹಾಗಾಗಿ ಟೈರಿನ ಹೊರ ಅಂಚು ನೋಡಿ, ಗಾಳಿ ಸರಿಮಾಡಿಕೊಂಡೇ ಹೈವೇ ಹತ್ತುತ್ತೇನೆ.