ಮೇಲುಕೋಟೆಯ ತಿರುವಿನಲ್ಲಿ ಉಜ್ಜಿದ ಟೈರು

ಮಂಡ್ಯದಿಂದ ನಮ್ಮ ಜಮೀನಿಗೆ ಹೋಗುವ ದಾರಿಯ ಕೊನೆಯ ಒಂದು ಕಿಲೋಮೀಟರು ಬರಿಯ ಮಣ್ಣುದಾರಿ. ಕಬ್ಬು ಕಟಾವಿನ ಕಾಲದಲ್ಲಿ ಅಲ್ಲಿ ಟ್ರ್ಯಾಕ್ಟರುಗಳ ಜಾಡು ಎಷ್ಟು ಆಳವಾಗುತ್ತದೆಂದರೆ, ಜಾಡಿನ ನಡುವೆ ಉಳಿದ ದಿಣ್ಣೆ ಕಾರಿನ ತಳಕ್ಕೆ ಬಡಿಯುತ್ತದೆ. ಕಾರನ್ನು ಕೊಂಚ ಎತ್ತರಿಸಬೇಕೆಂಬ ಆಸೆಯಿಂದ, ಹಳೆಯ 185/65 ಆರ್ 15 ಟೈರುಗಳು ಸವೆದಾಗ ನಾನು 205/65 ಆರ್ 15 ಟೈರುಗಳನ್ನೂ ಅವುಗಳ ಜೊತೆಗೆ ಅಗಲವಾದ ಅಲಾಯ್ ರಿಮ್‌ಗಳನ್ನೂ ಹಾಕಿಸಿದೆ. ಅಂಗಡಿಯವರು ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ತೋರಿಸಿ, "ಎಲ್ಲೂ ತಾಗಲ್ಲ ಸಾರ್, ಧೈರ್ಯವಾಗಿ ಓಡ್ಸಿ" ಎಂದರು. ನಿಂತಿದ್ದ ಖಾಲಿ ಕಾರಿನ ಮಟ್ಟಿಗೆ ಅದು ನಿಜವೇ ಆಗಿತ್ತು.

ಮರುವಾರ ಮನೆಯ ಐದು ಮಂದಿ ಮೇಲುಕೋಟೆಗೆ ಹೊರಟೆವು. ಜಕ್ಕನಹಳ್ಳಿ ದಾಟಿ ಬೆಟ್ಟ ಹತ್ತುವಾಗ, ಒಂದು ತಿರುವಿನಲ್ಲಿ ಮುಂದಿನ ಎಡಚಕ್ರ ಗುಂಡಿಗೆ ಇಳಿದ ಕೂಡಲೇ ಗರ್ರೆಂಬ ಸದ್ದು ಕೇಳಿತು. ಹಿಂದೆ ಕುಳಿತಿದ್ದ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆ ಕಣಪ್ಪ" ಎಂದರು. ಇಳಿದು ನೋಡಿದರೆ, ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನಿಂಗ್‌ನಲ್ಲಿ ಅಂಗೈಯಗಲ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ತೆಂಗಿನ ತುರಿಯಂತೆ ಸುರುಳಿಯಾದ ಕಪ್ಪು ಚೂರುಗಳು ಅಂಟಿಕೊಂಡಿದ್ದವು.

ಆ ರಾತ್ರಿ ಕೂತು ಹಾಕಿದ ಲೆಕ್ಕವನ್ನು ಕೊಳ್ಳುವ ಮುಂಚೆಯೇ ಹಾಕಬೇಕಾಗಿತ್ತು. ಟೈರಿನ ಮೇಲಿರುವ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅದರ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಕ್ಕೆಯ ಎತ್ತರ, ಕೊನೆಯದು ಅಂಗುಲಗಳಲ್ಲಿ ರಿಮ್‌ನ ವ್ಯಾಸ. ಅದರಂತೆ ಹಳೆಯ ಟೈರಿನ ಒಟ್ಟು ವ್ಯಾಸ 621.5 ಮಿಲಿಮೀಟರು, ಹೊಸದರದ್ದು 647.5. ಅಗಲ ಹೆಚ್ಚಿದಾಗ ಎರಡನೆಯ ಅಂಕಿ 65ರಲ್ಲೇ ಉಳಿದರೆ ಎತ್ತರವೂ ತಾನಾಗಿ ಹೆಚ್ಚುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ವ್ಯಾಸ 26 ಮಿಲಿಮೀಟರು ಬೆಳೆದರೂ ಕಾರು ಮೇಲೆದ್ದದ್ದು ಅದರ ಅರ್ಧ, ಕೇವಲ 13 ಮಿಲಿಮೀಟರು. ಅಷ್ಟೇ ಜಾಗ ಟೈರಿನ ಮೇಲೆ, ಮುಂದೆ ಮತ್ತು ಹಿಂದೆ ಕಡಿಮೆಯಾಯಿತು. ಜೊತೆಗೆ, ಮೊದಲು ಮೀಟರಿನಲ್ಲಿ 80 ಎಂದು ಕಾಣುತ್ತಿದ್ದ ವೇಗ ಈಗ 77ರ ಆಸುಪಾಸಿನಲ್ಲಿ ಕಾಣತೊಡಗಿತು. ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಇದಕ್ಕಿಂತ ಹೆಚ್ಚಿನ ತೊಂದರೆ ರಿಮ್‌ನಿಂದ ಬಂದಿತ್ತು. ಹಳೆಯ ರಿಮ್‌ನ ಮೇಲೆ 5.5 ಜೆ ಮತ್ತು ಇಟಿ 45 ಎಂದು ಅಚ್ಚಾಗಿತ್ತು. ಹೊಸದರ ಮೇಲೆ 6.5 ಜೆ, ಇಟಿ 38. ಜೆಯ ಜೊತೆಗಿನ ಅಂಕಿ ಅಂಗುಲಗಳಲ್ಲಿ ರಿಮ್‌ನ ಅಗಲ; ಇಟಿ ಎಂದರೆ ರಿಮ್‌ನ ನಡುಗೆರೆಯಿಂದ, ಅದನ್ನು ಕಾರಿಗೆ ಬಿಗಿಯುವ ಮೈ ಎಷ್ಟು ಮಿಲಿಮೀಟರು ಹೊರಗಡೆಗಿದೆ ಎಂಬ ಲೆಕ್ಕ. ಒಂದು ಅಂಗುಲ ಅಗಲ ಹೆಚ್ಚಿದರೆ ಪ್ರತಿ ಬದಿಗೆ 12.7 ಮಿಲಿಮೀಟರು ಸೇರುತ್ತದೆ. ಇಟಿ ಸಂಖ್ಯೆ 7 ಕಡಿಮೆಯಾದಾಗ ಇಡೀ ಚಕ್ರವೇ 7 ಮಿಲಿಮೀಟರು ಹೊರಕ್ಕೆ ಸರಿಯುತ್ತದೆ. ಅಲ್ಲಿಗೆ ರಿಮ್‌ನ ಹೊರ ಅಂಚು ಸುಮಾರು 20 ಮಿಲಿಮೀಟರು ಹೊರಕ್ಕೂ, ಒಳ ಅಂಚು 6 ಮಿಲಿಮೀಟರಿನಷ್ಟು, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬವಾದ ಸ್ಟ್ರಟ್‌ನ ಕಡೆಗೂ ಬಂದಿತ್ತು. ಅಗಲವಾದ ರಿಮ್‌ ಮೇಲೆ ಟೈರೂ ಅಗಲವಾಗಿ ಹರಡಿಕೊಳ್ಳುತ್ತದೆ. ಟೈರಿನ ಅಳತೆಯನ್ನು ಮಾತ್ರ ಕೇಳಿ ಇಟಿ ಸಂಖ್ಯೆಯನ್ನು ಕೇಳದೆ ಬರುವವರೇ ಹೆಚ್ಚು. ನಾನೂ ಹಾಗೆಯೇ ಬಂದಿದ್ದೆ.

ಲೈನಿಂಗ್ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಒಬ್ಬರು, ಸ್ಪ್ರಿಂಗು ಹೆಚ್ಚು ಕುಗ್ಗದಂತೆ ಅದರ ಸುತ್ತುಗಳ ನಡುವೆ ರಬ್ಬರ್ ಬುಷ್ ಹಾಕೋಣ ಎಂದು ಇನ್ನೊಬ್ಬರು ಹೇಳಿದರು. ನಾನು ಎರಡಕ್ಕೂ ಒಪ್ಪಲಿಲ್ಲ. ಲೈನಿಂಗ್ ಇರುವುದೇ ಕೆಸರು, ಕಲ್ಲು ಒಳನುಗ್ಗದಂತೆ ತಡೆಯಲು. ಟೈರು ತಪ್ಪಾಗಿರುವಾಗ ಕಾರನ್ನು ಕೊಯ್ಯುವುದು ನ್ಯಾಯವಲ್ಲ.

ಕೊನೆಗೆ ಹಳೆಯ ರಿಮ್‌ಗಳನ್ನೇ ಇಟ್ಟುಕೊಂಡು 195/65 ಆರ್ 15 ಪ್ರಯತ್ನಿಸಲು ನಿರ್ಧರಿಸಿದೆ. ಅದರ ವ್ಯಾಸ 634.5 ಮಿಲಿಮೀಟರು, ಅಂದರೆ ಮೂಲಕ್ಕಿಂತ ಶೇಕಡಾ 2ರಷ್ಟು ಮಾತ್ರ ಹೆಚ್ಚು. 91 ಎಂಬ ಅದರ ಭಾರದ ಸೂಚ್ಯಂಕವೂ (ಟೈರು ಎಷ್ಟು ಭಾರ ಹೊರಬಲ್ಲದು ಎಂಬುದರ ಗುರುತಿನ ಸಂಖ್ಯೆ) ಮೂಲ ಟೈರಿನ 88ಕ್ಕಿಂತ ಕಡಿಮೆಯಿರಲಿಲ್ಲ. ಗುತ್ತಲು ರಸ್ತೆಯ ಮೆಕ್ಯಾನಿಕ್ ಒಬ್ಬರು, ಮೊದಲು ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹಾಕಿ ಪರೀಕ್ಷಿಸಲು ಒಪ್ಪಿದರು. ಟೈರು ಎಲ್ಲಾದರೂ ತಾಗಿದರೆ ಗುರುತು ಕಾಣಲೆಂದು ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಲೈನಿಂಗ್‌ನ ಒಳಮೈಗೆಲ್ಲ ಬಳಿದು ಒಣಗಲು ಬಿಟ್ಟೆ. ಹಿಂದೆ 25 ಕೆಜಿಯ ನಾಲ್ಕು ಅಕ್ಕಿ ಮೂಟೆ ಹೇರಿ, ಮುಂದಿನ ಒಂದು ಚಕ್ರವನ್ನೂ ಅದಕ್ಕೆ ಎದುರು ಮೂಲೆಯ ಹಿಂದಿನ ಚಕ್ರವನ್ನೂ ದಪ್ಪ ಹಲಗೆಗಳ ಮೇಲೆ ಹತ್ತಿಸಿದೆವು. ಹೀಗೆ ಮಾಡಿದರೆ ಆ ಎರಡು ಮೂಲೆಗಳ ಸಸ್ಪೆನ್ಷನ್ ಚೆನ್ನಾಗಿ ಕುಗ್ಗುತ್ತದೆ. ಅವರು ಸ್ಟೇರಿಂಗನ್ನು ನಿಧಾನವಾಗಿ ಒಂದು ಕೊನೆಯಿಂದ ಇನ್ನೊಂದಕ್ಕೆ ತಿರುಗಿಸಿದರು, ನಾನು ಟಾರ್ಚ್ ಹಿಡಿದು ನೋಡಿದೆ. ಲೈನಿಂಗ್ ಕಡೆಗೂ ಒಳಗಿನ ಸ್ಟ್ರಟ್ ಕಡೆಗೂ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು. ಇನ್ನೊಂದು ಬದಿಯಲ್ಲೂ ಹೀಗೆಯೇ ನೋಡಿದ ಮೇಲೆ ಹಿಂದಿನ ಎರಡನ್ನೂ ಹಾಕಿಸಿದೆ.

ಸುಣ್ಣವನ್ನು ತೊಳೆಯದೆ, ಅದೇ ಐದು ಮಂದಿಯೊಂದಿಗೆ ಮತ್ತೆ ಮೇಲುಕೋಟೆಗೆ ಹೋಗಿ ಬಂದೆ. ಅದೇ ತಿರುವಿನ ಗುಂಡಿಯಲ್ಲಿ ಕಾರು ಕುಕ್ಕಿತೇ ಹೊರತು ಸದ್ದು ಬರಲಿಲ್ಲ. ಮನೆಗೆ ಬಂದು ನೋಡಿದಾಗ ಬಿಳಿಯ ಸುಣ್ಣದ ಮೇಲೆ ಕೆಮ್ಮಣ್ಣಿನ ಧೂಳು ಕೂತಿತ್ತು, ಎಲ್ಲಿಯೂ ಒರೆಸಿದ ಗುರುತಿರಲಿಲ್ಲ. ಸ್ಟೆಪ್ನಿ ಮಾತ್ರ ಇನ್ನೂ 185/65 ಆಗಿರುವುದರಿಂದ, ಅದನ್ನು ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗುವುದಕ್ಕಷ್ಟೇ ಬಳಸುತ್ತೇನೆ.