ಹಲ್ಲಿನ ತೊಂದರೆಯಲ್ಲಿ ಯಾವಾಗ ಓಡಬೇಕು, ಎಲ್ಲಿಗೆ ಓಡಬೇಕು

ಹೊಸ ಜಾಗಕ್ಕೆ ಬಂದ ಮೊದಲ ತಿಂಗಳುಗಳಲ್ಲಿ ಮನೆ, ಶಾಲೆ, ಬ್ಯಾಂಕ್ ಖಾತೆ ಅಂತ ಓಡಾಟ ಮುಗಿಯುವುದೇ ಇಲ್ಲ. ಹಲ್ಲಿನ ಡಾಕ್ಟರ್ ಹುಡುಕುವ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆಮೇಲೆ ಒಂದು ರಾತ್ರಿ ನೋವು ಶುರುವಾದರೆ ಯಾರಿಗೆ ಫೋನ್ ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಮಾತ್ರೆ ನುಂಗಿ ದಿನ ತಳ್ಳುತ್ತೇವೆ. ನಮ್ಮ ಸಂಘದವರಿಗೆ ಫೋನ್ ಬರುವುದು ಸಾಮಾನ್ಯವಾಗಿ ಮುಖ ಊದಿಕೊಂಡ ಮೇಲೆಯೇ.

ಈ ಬರಹದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಂಡರೂ ಸಾಕು. ನೋವು ಎಷ್ಟಿದೆ ಅನ್ನುವುದರಿಂದ ತುರ್ತನ್ನು ಅಳೆಯಬೇಡಿ. ಊತ, ಜ್ವರ, ನಿಲ್ಲದ ರಕ್ತ, ಪೆಟ್ಟು, ಇವನ್ನು ನೋಡಿ. ಜೀವ ಹಿಂಡುವ ಹಲ್ಲುನೋವು ಬೆಳಗಿನವರೆಗೆ ಕಾಯಬಹುದು. ನೋವೇ ಇಲ್ಲದ, ಕತ್ತಿನ ಕಡೆಗೆ ಇಳಿಯುತ್ತಿರುವ ಊತ ಕಾಯುವುದಿಲ್ಲ.

ನೇರವಾಗಿ ಆಸ್ಪತ್ರೆಗೆ ಹೋಗಬೇಕಾದವು

ಕೆಳಗಿನ ದವಡೆ ಹಲ್ಲುಗಳ ಬೇರು ನಾಲಿಗೆಯ ಕೆಳಭಾಗಕ್ಕೆ ತುಂಬಾ ಹತ್ತಿರ ಇರುತ್ತದೆ. ಅಲ್ಲಿ ಕೀವು ಕಟ್ಟಿಕೊಂಡು ಹರಡಿದರೆ ನಾಲಿಗೆ ಮೇಲಕ್ಕೆ ತಳ್ಳಲ್ಪಟ್ಟು ಉಸಿರಿನ ದಾರಿಯೇ ಮುಚ್ಚಬಹುದು. ಇದು ಗಂಟೆಗಳಲ್ಲಿ ಆಗುವಂಥದ್ದು. ಅದಕ್ಕೇ ಈ ಲಕ್ಷಣಗಳನ್ನು ಮನೆಯ ದೊಡ್ಡವರೆಲ್ಲ ತಿಳಿದಿರಬೇಕು: ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗುತ್ತಿಲ್ಲ. ಎಂಜಲು ನುಂಗಲು ಕಷ್ಟವಾಗಿ ಜೊಲ್ಲು ಸುರಿಯುತ್ತಿದೆ. ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ ದನಿ ಬದಲಾಗಿದೆ. ಗದ್ದದ ಕೆಳಗೆ ಊತ ಗಟ್ಟಿಯಾಗಿದೆ, ಕತ್ತಿಗೆ ಇಳಿದಿದೆ. ಉಸಿರು ಕಟ್ಟಿದ ಹಾಗೆ ಆಗುತ್ತಿದೆ. ಇವುಗಳಲ್ಲಿ ಒಂದಿದ್ದರೂ ಆಂಬುಲೆನ್ಸ್ ಕರೆಯಿರಿ. ಅವರನ್ನು ಮಲಗಿಸಬೇಡಿ, ಕೂತೇ ಇರಲಿ. ಮೇಲಿನ ಹಲ್ಲಿನ ಕೀವು ಕಣ್ಣಿನ ಕಡೆಗೆ ಹರಡಿ ರೆಪ್ಪೆ ಮುಚ್ಚಿಕೊಳ್ಳುತ್ತಿದ್ದರೂ ಇದೇ ಮಾತು.

ಮುಖ ಊದಿದೆ, ಜೊತೆಗೆ ಮೈ ಸುಡುವ ಜ್ವರ, ನಡುಕ, ಮಂಪರು ಇದ್ದರೆ ಸೋಂಕು ಮೈಗೆಲ್ಲ ಏರಿದೆ ಅಂತಲೇ ತಿಳಿದು ಹೊರಡಿ. ಸಕ್ಕರೆ ಕಾಯಿಲೆ ಇರುವವರು, ಕ್ಯಾನ್ಸರ್ ಔಷಧಿಯಲ್ಲಿ ಇರುವವರು, ಅಂಗಾಂಗ ಕಸಿ ಆದವರು ಇನ್ನೂ ಬೇಗ ಹೊರಡಬೇಕು.

ಪೆಟ್ಟು ಬಿದ್ದ ಮೇಲೆ ಮೇಲಿನ ಕೆಳಗಿನ ಹಲ್ಲು ಮೊದಲಿನಂತೆ ಕೂಡುತ್ತಿಲ್ಲ ಅಂದರೆ ದವಡೆ ಮುರಿದಿರಬಹುದು. ಎಚ್ಚರ ತಪ್ಪಿದ್ದರೆ, ಪದೇ ಪದೇ ವಾಂತಿಯಾದರೆ ಹಲ್ಲಿನ ಮಾತು ಆಮೇಲೆ, ಮೊದಲು ತಲೆಯನ್ನು ತೋರಿಸಿ. ಉದುರಿದ ಹಲ್ಲು ಎಲ್ಲೂ ಸಿಗುತ್ತಿಲ್ಲ, ಮಗು ಕೆಮ್ಮುತ್ತಿದೆ, ಉಸಿರಾಡುವಾಗ ಸುಯ್ ಸುಯ್ ಶಬ್ದ ಬರುತ್ತಿದೆ ಅಂದರೆ ಹಲ್ಲು ಉಸಿರಿನ ಕೊಳವೆಗೆ ಹೋಗಿರಬಹುದು.

ಇನ್ನೊಂದು ವಿಷಯ, ಇದು ಹಲ್ಲಿನದ್ದೇ ಅಲ್ಲ. ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಕೆಳದವಡೆಯಲ್ಲಿ ನೋವು, ಜೊತೆಗೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹೃದಯದ ತೊಂದರೆ ಇರಬಹುದು. ಮನೆಗೆ ಬಂದಿರುವ ಅಪ್ಪ, ಅಮ್ಮ, ಅತ್ತೆ, ಮಾವ ಹೀಗೆ ಹೇಳಿದರೆ ಹಲ್ಲಿನ ಡಾಕ್ಟರ್‌ಗೆ ಕಾಯುತ್ತಾ ಕೂರಬೇಡಿ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಾಮಾನ್ಯವಾಗಿ ಹಲ್ಲಿನ ಡಾಕ್ಟರ್ ಇರುವುದಿಲ್ಲ ಅನ್ನುವುದೂ ತಿಳಿದಿರಲಿ. ಅವರು ಉಸಿರಾಟ ನೋಡುತ್ತಾರೆ, ಸೋಂಕು ಹತೋಟಿಗೆ ತರುತ್ತಾರೆ, ರಕ್ತ ನಿಲ್ಲಿಸುತ್ತಾರೆ. ಹುಳುಕು ಹಲ್ಲಿಗೆ ರೂಟ್ ಕೆನಾಲ್ ಮಾಡುವುದಿಲ್ಲ. ಊತ, ಜ್ವರ ಇಲ್ಲದ ಬರೀ ನೋವಿಗೆ ಅಲ್ಲಿ ಹೋದರೆ ಗಂಟೆಗಟ್ಟಲೆ ಕಾದು ಮಾತ್ರೆ ಚೀಟಿ ಹಿಡಿದು ವಾಪಸ್ ಬರಬೇಕಾಗುತ್ತದೆ ಅಷ್ಟೇ.

ಹಲ್ಲು ಪೂರ್ತಿ ಉದುರಿ ಬಿದ್ದಾಗ

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಯಾಕೆಂದರೆ ಹಲ್ಲು ಉಳಿಯುವುದು ಡಾಕ್ಟರ್ ಕೈಯಲ್ಲಿ ಇರುವುದಕ್ಕಿಂತ ಜಾಸ್ತಿ, ಪಕ್ಕದಲ್ಲೇ ನಿಂತಿರುವ ನಿಮ್ಮ ಕೈಯಲ್ಲಿ ಇರುತ್ತದೆ.

ಮಗು ಆಡುತ್ತಾ ಮುಗ್ಗರಿಸಿ ಬಿದ್ದಿದೆ. ಬಾಯಿತುಂಬ ರಕ್ತ, ಮುಂದಿನ ಹಲ್ಲೊಂದು ಇಲ್ಲ. ಮೊದಲು ಮಗು ಎಚ್ಚರವಾಗಿದೆಯೇ, ಸರಿಯಾಗಿ ಮಾತಾಡುತ್ತಿದೆಯೇ ನೋಡಿ. ಆಮೇಲೆ ಹಲ್ಲು ಹುಡುಕಿ.

ಸಿಕ್ಕಿದ್ದು ಹಾಲುಹಲ್ಲಾದರೆ ಮತ್ತೆ ಕೂರಿಸಬೇಡಿ. ಅದನ್ನು ಒತ್ತಿದರೆ ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ. ಮುಂದಿನ ಶಾಶ್ವತ ಹಲ್ಲುಗಳು ಸುಮಾರು 6ರಿಂದ 8 ವರ್ಷದ ನಡುವೆ ಬರುತ್ತವೆ, ಹಾಲುಹಲ್ಲಿಗಿಂತ ದೊಡ್ಡದಾಗಿರುತ್ತವೆ. ಹೊಸದಾಗಿ ಬಂದಿದ್ದರೆ ಅಂಚಿನಲ್ಲಿ ಗರಗಸದಂತೆ ಸಣ್ಣ ಏರಿಳಿತ ಇರುತ್ತದೆ.

ಶಾಶ್ವತ ಹಲ್ಲು ಅಂತ ಗೊತ್ತಾದರೆ ಹೀಗೆ ಮಾಡಿ. ನಗುವಾಗ ಕಾಣುವ ಬಿಳಿ ಭಾಗವನ್ನು ಮಾತ್ರ ಎರಡು ಬೆರಳಲ್ಲಿ ಹಿಡಿಯಿರಿ. ಬೇರನ್ನು ಮುಟ್ಟಬೇಡಿ. ಬೇರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜೀವಂತ ಪದರ ಅಂಟಿಕೊಂಡಿರುತ್ತದೆ. ಹಲ್ಲು ಮತ್ತೆ ಮೂಳೆಗೆ ಹಿಡಿದುಕೊಳ್ಳಬೇಕಾದರೆ ಅದು ಬದುಕಿರಬೇಕು. ಮಣ್ಣಾಗಿದ್ದರೆ ತಣ್ಣೀರಿನ ಸಣ್ಣ ಧಾರೆಯ ಕೆಳಗೆ ಹತ್ತು ಸೆಕೆಂಡು ಹಿಡಿಯಿರಿ, ಅಷ್ಟೇ. ಉಜ್ಜಬೇಡಿ, ಸೋಪು ಬೇಡ, ಟಿಶ್ಯೂನಲ್ಲಿ ಒರೆಸುವುದೂ ಬೇಡ.

ಈಗ ಅದನ್ನು ಬಂದ ಜಾಗಕ್ಕೇ ವಾಪಸ್ ಕೂರಿಸಿ. ಹೌದು, ನೀವೇ. ಪಕ್ಕದ ಹಲ್ಲು ನೋಡಿಕೊಂಡು ಯಾವ ಮುಖ ಹೊರಗೆ ಬರಬೇಕು ಅಂತ ಸರಿಮಾಡಿ. ಒಳಗೆ ಗುಳಿ ಇರುವ ಕಡೆ ನಾಲಿಗೆಗೆ, ಉಬ್ಬಿದ ಕಡೆ ತುಟಿಗೆ. ನಿಧಾನವಾಗಿ ಒತ್ತಿ. ಆಮೇಲೆ ಮಡಿಸಿದ ಶುಭ್ರವಾದ ಕರ್ಚೀಫನ್ನು ಮೆತ್ತಗೆ ಕಚ್ಚಿ ಹಿಡಿಯಲು ಹೇಳಿ. ಸ್ವಲ್ಪ ಓರೆಯಾಗಿ ಕೂತರೂ ಹೆದರಬೇಡಿ, ಡಾಕ್ಟರ್ ಸರಿಮಾಡುತ್ತಾರೆ.

ಕೈ ನಡುಗುತ್ತಿದೆ, ಮಗು ಬಿಡುತ್ತಿಲ್ಲ ಅಂದರೆ ಒಂದು ಡಬ್ಬಿಯಲ್ಲಿ ತಣ್ಣನೆಯ ಹಾಲು ಹಾಕಿ ಹಲ್ಲನ್ನು ಅದರಲ್ಲಿ ಮುಳುಗಿಸಿ. ಹಾಲು ಇಲ್ಲದಿದ್ದರೆ ಮಗುವಿನ ಎಂಜಲನ್ನೇ ಒಂದು ಲೋಟಕ್ಕೆ ಉಗುಳಿಸಿ ಅದರಲ್ಲಿ ಇಡಿ. ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೂ ಒಣಗುವುದಿಲ್ಲ. ನೀರಿನಲ್ಲಿ ಇಡುವುದು ಒಳ್ಳೆಯದಲ್ಲ, ಬೇರಿನ ಜೀವಕೋಶಗಳು ನೀರು ಕುಡಿದು ಒಡೆಯುತ್ತವೆ. ಬೇರೇನೂ ಸಿಗದಿದ್ದರೆ ಮಾತ್ರ ನೀರು. ಒಣಗುವುದು ಎಲ್ಲಕ್ಕಿಂತ ಕೆಟ್ಟದ್ದು. ಮಕ್ಕಳ ಕೆನ್ನೆಯೊಳಗೆ ಇಡಬೇಡಿ, ನುಂಗಿಬಿಡುತ್ತಾರೆ.

ಕೆಲವೇ ನಿಮಿಷಗಳಲ್ಲಿ ಹಲ್ಲು ಜಾಗಕ್ಕೆ ಹೋದರೆ ಉಳಿಯುವ ಸಾಧ್ಯತೆ ತುಂಬಾ ಚೆನ್ನಾಗಿರುತ್ತದೆ. ಗಾಳಿಗೆ 60 ನಿಮಿಷ ಒಣಗಿದರೆ ಬೇರಿನ ಆ ಪದರ ಸತ್ತಿರುತ್ತದೆ. ಹಾಗಂತ ತಡವಾಯ್ತು ಅಂತ ಹಲ್ಲನ್ನು ಎಸೆಯಬೇಡಿ. ಬೆಳೆಯುವ ಮಕ್ಕಳಲ್ಲಿ ಮೂಳೆ ಕರಗದಿರಲಿ ಅಂತಲಾದರೂ ಡಾಕ್ಟರ್ ಅದನ್ನು ಕೂರಿಸಬಹುದು. ಸಾಮಾನ್ಯವಾಗಿ ಸುಮಾರು ಎರಡು ವಾರ ಪಕ್ಕದ ಹಲ್ಲುಗಳಿಗೆ ಸೇರಿಸಿ ತಂತಿ ಕಟ್ಟುತ್ತಾರೆ. ಬೇರು ಪೂರ್ತಿ ಬೆಳೆದಿದ್ದರೆ ರೂಟ್ ಕೆನಾಲ್ ಬೇಕಾಗುತ್ತದೆ. ಟೆಟನಸ್ ಚುಚ್ಚುಮದ್ದಿನ ವಿಷಯ ಮರೆಯದೆ ಕೇಳಿ. ಮಕ್ಕಳ ಲಸಿಕೆ ಕಾರ್ಡಿನ ಫೋಟೋ ಫೋನಿನಲ್ಲಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ: ರೋಗ ತಡೆಯುವ ಶಕ್ತಿ ತೀರಾ ಕುಗ್ಗಿಸುವ ಔಷಧಿಯಲ್ಲಿ ಇರುವವರಿಗೆ, ಪೂರ್ತಿ ಎಚ್ಚರ ಇಲ್ಲದವರಿಗೆ ನೀವಾಗಿ ಹಲ್ಲು ಕೂರಿಸಲು ಹೋಗಬೇಡಿ.

ಹಲ್ಲು ಮುರಿದಿದ್ದರೆ ಆ ಚೂರನ್ನೂ ಹಾಲಿನಲ್ಲೇ ತನ್ನಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು. ಮುರಿದ ಜಾಗದ ನಡುವೆ ಗುಲಾಬಿ ಅಥವಾ ಕೆಂಪು ಚುಕ್ಕೆ ಕಂಡರೆ ನರ ಹೊರಗೆ ಬಂದಿದೆ, ಅಂದೇ ತೋರಿಸಬೇಕು. ಅಲುಗಾಡುವ, ಒಳಕ್ಕೆ ಹೊರಕ್ಕೆ ಸರಿದ ಹಲ್ಲಿಗೂ ಅದೇ ದಿನ.

ನೋವು ಏನು ಹೇಳುತ್ತಿದೆ

ತಣ್ಣಗಿದ್ದದ್ದು ತಾಗಿದಾಗ ಜುಮ್ ಅಂದು ಕೆಲವು ಸೆಕೆಂಡಿನಲ್ಲಿ ಹೋಗುವ ನೋವು ಸಾಮಾನ್ಯವಾಗಿ ತುರ್ತಲ್ಲ. ಒಳಗಿನ ನರಕ್ಕೆ ಕಿರಿಕಿರಿ ಆಗಿದೆ, ಇನ್ನೂ ಸುಧಾರಿಸಬಹುದು. ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋದರಾಯಿತು. ಬಿಸಿ ತಾಗಿದ ಮೇಲೆ ನಿಮಿಷಗಟ್ಟಲೆ ಉಳಿಯುವ ನೋವು, ಏನೂ ತಾಗದೆ ತಾನಾಗಿ ಬರುವ ನೋವು, ಮಲಗಿದರೆ ಜಾಸ್ತಿಯಾಗಿ ನಿದ್ದೆಗೆಡಿಸುವ ನೋವು ಬೇರೆ. ಅಲ್ಲಿ ನರ ವಾಪಸ್ ಸುಧಾರಿಸುವ ಹಂತ ದಾಟಿರುತ್ತದೆ. ಒಂದೆರಡು ದಿನದೊಳಗೆ ತೋರಿಸಿ.

ಇಲ್ಲೇ ಅನೇಕರು ಮೋಸ ಹೋಗುವುದು. ಎರಡು ಮೂರು ದಿನ ಒದ್ದಾಡಿದ ಮೇಲೆ ನೋವು ಒಮ್ಮೆಗೇ ನಿಂತುಬಿಡುತ್ತದೆ. ವಾಸಿಯಾಯ್ತು ಅಂದುಕೊಂಡು ಅಪಾಯಿಂಟ್‌ಮೆಂಟ್ ರದ್ದು ಮಾಡುತ್ತಾರೆ. ನರ ಸತ್ತಿದ್ದರಿಂದ ನೋವು ನಿಂತಿರುತ್ತದೆ. ಒಳಗೆ ಸೋಂಕು ಬೇರಿನ ತುದಿಗೆ ಇಳಿಯುತ್ತಾ ಇರುತ್ತದೆ. ಆಮೇಲೆ ಕಚ್ಚಿದರೆ ನೋವು, ವಸಡಿನ ಮೇಲೆ ಗುಳ್ಳೆ, ಬಾಯಲ್ಲಿ ಕೆಟ್ಟ ರುಚಿ ಬರುತ್ತದೆ. ದಯವಿಟ್ಟು ಆ ಅಪಾಯಿಂಟ್‌ಮೆಂಟ್ ಬಿಡಬೇಡಿ.

ಬರುವಾಗ ಬ್ಯಾಗಿನಲ್ಲಿ ತಂದ ಆಂಟಿಬಯೋಟಿಕ್ ಮಾತ್ರೆ ನುಂಗಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಸತ್ತ ನರದೊಳಗೆ ರಕ್ತ ಹರಿಯುವುದಿಲ್ಲ, ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ. ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಊತ ಅಥವಾ ಜ್ವರ ಇದ್ದಾಗ ಡಾಕ್ಟರ್ ಆಂಟಿಬಯೋಟಿಕ್ ಕೊಡಬಹುದು, ಅದು ಆ ಕೆಲಸಕ್ಕೆ ಜೊತೆಯಾಗಿ ಮಾತ್ರ.

ಅಲ್ಲಿಯವರೆಗೆ ನೋವು ತಡೆಯಲು ದೊಡ್ಡವರಿಗೆ ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಎರಡೂ ಸೇರಿದರೆ ಒಂದೊಂದೇ ತೆಗೆದುಕೊಂಡಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಪ್ಯಾಕೆಟ್ಟಿನ ಮೇಲಿರುವ ಪ್ರಮಾಣ ಮೀರಬೇಡಿ. ಕೆಲವು ದೇಶಗಳಲ್ಲಿ ಪ್ಯಾರಸಿಟಮಾಲ್ ಅನ್ನೇ ಅಸೆಟಾಮಿನೋಫೆನ್ ಅಂತ ಮಾರುತ್ತಾರೆ. ಶೀತ ನೆಗಡಿಯ ಮಾತ್ರೆಯಲ್ಲೂ ಅದು ಇರುತ್ತದೆ. ಗೊತ್ತಿಲ್ಲದೆ ಎರಡೆರಡು ಸಲ ನುಂಗಿದರೆ ಲಿವರ್‌ಗೆ ಅಪಾಯ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಬಸುರಿಯರು, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಅಥವಾ ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಐಬುಪ್ರೊಫೆನ್ ನುಂಗಬಾರದು. ಮಕ್ಕಳಿಗೆ ತೂಕ ನೋಡಿ ಕೊಡಬೇಕು, ಆಸ್ಪಿರಿನ್ ಬೇಡವೇ ಬೇಡ. ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಂಡರೆ ನೋವು ಹೋಗುವುದಿಲ್ಲ, ವಸಡು ಸುಟ್ಟುಹೋಗುತ್ತದೆ. ಊತಕ್ಕೆ ಹೊರಗಿನಿಂದ ತಣ್ಣನೆ ಬಟ್ಟೆ ಇಡಿ, ಬಿಸಿ ಶಾಖ ಬೇಡ. ತಲೆ ಎತ್ತರಿಸಿ ಮಲಗಿ.

ಬಸುರಿಯರು ಹೆರಿಗೆ ಆಗಲಿ ಅಂತ ನೋವು ತಡೆದುಕೊಂಡು ಕೂರುವುದನ್ನು ಕಂಡಾಗ ಸಂಕಟವಾಗುತ್ತದೆ. ತುರ್ತು ಚಿಕಿತ್ಸೆಯನ್ನು ಬಸುರಿನ ಯಾವ ತಿಂಗಳಲ್ಲೂ ಮಾಡಿಸಬಹುದು. ಎಷ್ಟು ತಿಂಗಳು ಅಂತ ಮೊದಲೇ ತಿಳಿಸಿ.

ಹಲ್ಲು ಕೀಳಿಸಿದ ಮೇಲೆ

ರಕ್ತ ಒಸರುತ್ತಿದ್ದರೆ ಶುಭ್ರವಾದ ಹತ್ತಿ ಬಟ್ಟೆಯ ದಪ್ಪ ಮಡಿಕೆಯನ್ನು ಗುಳಿಯ ಮೇಲಿಟ್ಟು 20ರಿಂದ 30 ನಿಮಿಷ ಬಿಗಿಯಾಗಿ ಕಚ್ಚಿ. ನಡುವೆ ತೆಗೆದು ನೋಡಬೇಡಿ. ಮೊದಲ ದಿನ ಬಾಯಿ ಮುಕ್ಕಳಿಸಬೇಡಿ. ಹೀಗೆ ಎರಡು ಸಲ ಕಚ್ಚಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ. ಎರಡು ಮೂರು ದಿನ ಕಳೆದ ಮೇಲೆ ಕಿವಿಯವರೆಗೆ ಎಳೆಯುವ ನೋವು ಹೊಸದಾಗಿ ಬಂದರೆ ಗುಳಿಯಲ್ಲಿನ ರಕ್ತದ ಗಡ್ಡೆ ಕಳಚಿರಬಹುದು. ಕಿತ್ತ ಡಾಕ್ಟರ್‌ಗೇ ಫೋನ್ ಮಾಡಿ, ಔಷಧಿ ತುಂಬಿದರೆ ಬೇಗ ಆರಾಮ ಸಿಗುತ್ತದೆ.

ಕ್ಯಾಪ್ ಕಳಚಿದರೆ, ಫಿಲ್ಲಿಂಗ್ ಬಿದ್ದರೆ ಗಾಬರಿ ಬೇಡ. ಕ್ಯಾಪ್ ಎತ್ತಿಡಿ. ಔಷಧಿ ಅಂಗಡಿಯಲ್ಲಿ ತಾತ್ಕಾಲಿಕ ಸಿಮೆಂಟ್ ಸಿಗುತ್ತದೆ. ಮನೆಯ ಗೋಂದು ಹಚ್ಚಬೇಡಿ. ಕ್ಲಿಪ್ಪಿನ ತಂತಿ ಚುಚ್ಚುತ್ತಿದ್ದರೆ ತುದಿಗೆ ಮೇಣ ಒತ್ತಿ, ಕತ್ತರಿಸಲು ಹೋಗಬೇಡಿ.

ಫೋನ್ ಮಾಡುವಾಗ

ತುಂಬಾ ನೋವು ಅಂತ ಮಾತ್ರ ಹೇಳಿದರೆ ಮುಂದಿನ ವಾರ ಬನ್ನಿ ಅನ್ನಬಹುದು. ಎಲ್ಲಿ, ಯಾವಾಗಿಂದ, ಊತ ಇದೆಯಾ, ಜ್ವರ ಎಷ್ಟು, ಬಾಯಿ ತೆರೆಯುತ್ತದಾ, ಪೆಟ್ಟು ಬಿದ್ದಿದೆಯಾ, ರಾತ್ರಿ ನಿದ್ದೆ ಬಂತಾ, ಯಾವ ಮಾತ್ರೆ ಎಷ್ಟು ನುಂಗಿದ್ದೀರಿ, ಇಷ್ಟನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಓದಿ ಹೇಳಿ. ಭಾಷೆ ತೊಡಕಾದರೆ ದುಭಾಷಿ ಸಿಗುತ್ತಾರಾ ಕೇಳಿ, ಇಲ್ಲವೇ ಸಂಘದವರನ್ನು ಅದೇ ಕರೆಗೆ ಸೇರಿಸಿಕೊಳ್ಳಿ. ಜಾಗ ಇಲ್ಲ ಅಂದರೆ, ಯಾರಾದರೂ ರದ್ದು ಮಾಡಿದ ಕೂಡಲೇ ಕರೆಯಿರಿ ಅಂತ ಹೆಸರು ಬರೆಸಿ. ದಂತ ಕಾಲೇಜು ಹತ್ತಿರವಿದ್ದರೆ ಅಲ್ಲೂ ವಿಚಾರಿಸಿ.

ಇಷ್ಟಕ್ಕೆಲ್ಲ ಮೊದಲು ಈ ವಾರವೇ ಮಾಡಬೇಕಾದದ್ದು ಇದೆ. ನಿಮ್ಮ ಆರೋಗ್ಯ ವಿಮೆಯಲ್ಲಿ ಹಲ್ಲು ಸೇರಿದೆಯೇ ನೋಡಿ, ಎಷ್ಟೋ ಕಡೆ ಅದು ಬೇರೆಯೇ ಇರುತ್ತದೆ. ಒಬ್ಬ ಹಲ್ಲಿನ ಡಾಕ್ಟರ್ ಬಳಿ ಮನೆಯವರೆಲ್ಲರ ಹೆಸರು ನೋಂದಾಯಿಸಿ, ರಾತ್ರಿ ಮತ್ತು ರಜಾದಿನ ಯಾರಿಗೆ ಫೋನ್ ಮಾಡಬೇಕು ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ. ಆ ನಂಬರ್, ಆಂಬುಲೆನ್ಸ್ ನಂಬರ್ ಎರಡೂ ಮನೆಯ ಪ್ರತಿಯೊಬ್ಬರ ಫೋನಿನಲ್ಲಿ ಇರಲಿ. ಮಕ್ಕಳ ಶಾಲೆಗೂ, ಮಗುವನ್ನು ನೋಡಿಕೊಳ್ಳುವವರಿಗೂ ಕೊಟ್ಟಿರಿ. ಉದುರಿದ ಹಲ್ಲನ್ನು ಹಾಲಿನಲ್ಲಿ ಇಡಬೇಕು ಅನ್ನುವುದನ್ನೂ ಆಗಲೇ ಹೇಳಿಡಿ.