ನಲ್ಲಿ ತಿರುಗಿಸುವ ಮುಂಚೆ ಒಂದು ಮಾತು ಕೇಳಿ

ಪಿತೃಪಕ್ಷದಲ್ಲಿ ಮನೆಗೆ ಮುಂಗಡ ಕೊಡಬಾರದು ಅನ್ನುತ್ತಾರೆ. ಸರಿ, ಕೊಡಬೇಡಿ. ಆದರೆ ಬೆಂಗಳೂರಿನಲ್ಲಿ ಕೊಳ್ಳುವ ಮನೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಹದಿನೈದು ದಿನ ಸಿಗುವುದು ಕಷ್ಟ. ಅದು ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಆಸುಪಾಸಿನಲ್ಲಿ, ಈ ಊರಿಗೆ ಮಳೆ ಜೋರಾಗಿರುವ ಕಾಲ. ಬಣ್ಣ ಬಳಿದು ಮುಚ್ಚಿದ ಸೋರಿಕೆಯೆಲ್ಲ ಆಗ ತಾನಾಗಿ ಹೊರಗೆ ಬಂದಿರುತ್ತದೆ. ಗಿರಾಕಿಗಳು ಕಡಿಮೆ ಇರುವುದರಿಂದ ಮನೆಯವರಿಗೂ ಕೂತು ಮಾತಾಡುವ ವ್ಯವಧಾನ ಇರುತ್ತದೆ.

ಬ್ರೋಕರ್ ‘ಈಗಲೇ ಬನ್ನಿ ಸಾರ್, ಪರವಾಗಿಲ್ಲ’ ಅಂದರೂ ಮನೆಯವರಿಗೆ ಯಾವ ಹೊತ್ತು ಅನುಕೂಲ ಎಂದು ವಿಚಾರಿಸಿಯೇ ಹೊರಡಿ. ಊಟ ಮಾಡಿ ಅಡ್ಡಾಗುವ ಹೊತ್ತು ಬೇಡ, ದೀಪ ಹಚ್ಚುವ ಹೊತ್ತೂ ಬೇಡ. ಬೆಳಿಗ್ಗೆ ಹತ್ತರ ಮೇಲೆ ಹೋದರೆ ಯಾವ ಕೋಣೆಗೆ ಎಷ್ಟು ಬೆಳಕು ಅನ್ನುವುದೂ ಗೊತ್ತಾಗುತ್ತದೆ. ಮೊದಲ ಸಲ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ಅತ್ತೆ, ಭಾವಮೈದ, ಅವನ ಇಂಜಿನಿಯರ್ ಸ್ನೇಹಿತ ಎಲ್ಲರೂ ದಿಬ್ಬಣದ ಹಾಗೆ ಹೋದರೆ ಯಾರೂ ಏನನ್ನೂ ಸರಿಯಾಗಿ ನೋಡುವುದಿಲ್ಲ. ಮನೆಯಲ್ಲಿ ಬಾಡಿಗೆಯವರಿದ್ದರೆ ಒಂದು ದಿನ ಮುಂಚೆಯೇ ತಿಳಿಸಬೇಕು. ಅವರ ಮುಂದೆ ‘ಯಾವಾಗ ಖಾಲಿ ಮಾಡ್ತೀರಿ’ ಎಂದು ಬಾಯಿ ಬಿಡಬೇಡಿ. ಅದು ಮಾಲೀಕರು ಆಡಬೇಕಾದ ಮಾತು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೋ ಅನ್ನುವುದನ್ನು ಮಾತ್ರ ಅವರನ್ನೇ ಕೇಳಿ. ನಿಜ ಹೇಳುತ್ತಾರೆ. ಆಮೇಲೆ ಅವರ ಹೆಸರು ಹೇಳಿಕೊಂಡು ಮಾಲೀಕರ ಹತ್ತಿರ ಚೌಕಾಸಿಗೆ ಇಳಿಯಬೇಡಿ.

ಚಪ್ಪಲಿ ಹೊರಗೆ, ಮಕ್ಕಳ ಕೈ ನಿಮ್ಮ ಕೈಯಲ್ಲಿ. ಅಡುಗೆಮನೆಗೆ ‘ಬರಬಹುದಾ ಅಮ್ಮಾ’ ಎಂದು ಕೇಳಿ ಹೋಗಿ. ದೇವರಮನೆಯನ್ನು ಹೊಸ್ತಿಲ ಹೊರಗಿಂದ ನೋಡಿದರೆ ಸಾಕು. ಗೋಡೆಯಲ್ಲಿ ಕೂರಿಸಿದ ವಾರ್ಡ್‌ರೋಬ್ ಮನೆಯ ಜೊತೆ ನಿಮಗೇ ಬರುವ ವಸ್ತು, ಅದನ್ನು ಅವರ ಕೈಯಿಂದಲೇ ತೆಗೆಸಿ ನೋಡಬಹುದು. ಗಾಡ್ರೆಜ್ ಬೀರುವಿನ ಗೊಡವೆ ಬೇಡ. ಫೋಟೋ ತೆಗೆಯುವ ಮುಂಚೆ ಒಪ್ಪಿಗೆ ಕೇಳಿ, ಒಪ್ಪಿದರೂ ಮನೆಯ ಜನ, ಗೋಡೆಯ ಮೇಲಿನ ಚಿತ್ರಗಳು ಬೀಳದಂತೆ ತೆಗೆಯಿರಿ.

ಇಷ್ಟು ಮರ್ಯಾದೆಯಿಂದ ನಡೆದುಕೊಂಡವರಿಗೆ ಪರೀಕ್ಷೆ ಮಾಡಲು ಯಾರೂ ಅಡ್ಡಿ ಮಾಡುವುದಿಲ್ಲ. ‘ನಲ್ಲಿ ಬಿಟ್ಟು ನೋಡಲಾ’ ಎಂದು ಕೇಳಿ ಹತ್ತು ಲೀಟರಿನ ಬಕೆಟ್ ಇಡಿ. ಸುಮಾರು ಒಂದು ನಿಮಿಷಕ್ಕೆ ತುಂಬಿದರೆ ಚಿಂತೆಯಿಲ್ಲ. ಎರಡು ನಿಮಿಷ ದಾಟಿದರೆ ಬೋರ್‌ವೆಲ್ ನೀರಿನ ಉಪ್ಪು ಪೈಪಿನೊಳಗೆ ಕಟ್ಟಿರಬಹುದು. ತಾರಸಿಯ ಟ್ಯಾಂಕಿಗೆ ತೀರ ಹತ್ತಿರದ ಮಹಡಿಯಾದರೆ ನೀರು ನಿಧಾನವಾಗಿ ಬರುವುದು ಸಹಜ, ಅದನ್ನು ದೋಷ ಅನ್ನಬಾರದು. ಮೊದಲ ಚೊಂಬು ಕೆಂಪಗೆ ಬಂದರೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿದಿದೆ ಎಂದು ಲೆಕ್ಕ. ತುಂಬಿದ ಬಕೆಟ್ಟನ್ನು ಮೋರಿಗೆ ಚೆಲ್ಲದೆ ಅವರ ಬಳಕೆಗೇ ಬಿಡಿ. ನೀರಿಗೆ ದುಡ್ಡು ಕೊಡುವ ಊರು ಇದು. ಹಾಗೆಯೇ ಎಲ್ಲ ನಲ್ಲಿ ನಿಲ್ಲಿಸಿ, ನೆಲದಡಿಯ ಸಂಪ್ ತೊಟ್ಟಿಗೆ ನೀರು ಬೀಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೀಟರ್ ನೋಡಿ. ಆಗಲೂ ಮುಳ್ಳು ತಿರುಗುತ್ತಿದ್ದರೆ ನೆಲದೊಳಗೆ ಎಲ್ಲೋ ಸೋರುತ್ತಿದೆ.

ಬಚ್ಚಲಮನೆಯ ಸೋರಿಕೆ ಬಚ್ಚಲಲ್ಲಿ ಕಾಣುವುದಿಲ್ಲ, ಅದರ ಹಿಂಬದಿಯ ಕೋಣೆಯ ಗೋಡೆಯ ಬುಡದಲ್ಲಿ ಕಾಣುತ್ತದೆ. ಬಣ್ಣ ಗುಳ್ಳೆ ಎದ್ದಿರುತ್ತದೆ, ಬಿಳಿ ಉಪ್ಪು ಉದುರುತ್ತಿರುತ್ತದೆ. ಮನೆಯೆಲ್ಲ ಹಳೆಯ ಬಣ್ಣವಿದ್ದು ಒಂದೇ ಗೋಡೆ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿ ಅಂಗೈ ಒತ್ತಿ ನೋಡಿ, ತೇವವಿದ್ದರೆ ತಣ್ಣಗೆ ಹತ್ತುತ್ತದೆ. ಕೂದಲೆಳೆಯಂಥ ಬಿರುಕು ಗಾರೆಯದು, ಅಂಜಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ, ರೂಪಾಯಿ ನಾಣ್ಯದ ಅಂಚು ತೂರುವಷ್ಟು ಅಗಲವಿದ್ದರೆ ಪಾಯ ಕುಸಿದಿರುವ ಅನುಮಾನ. ಅಲ್ಲೇ ಉದ್ಗಾರ ತೆಗೆಯದೆ, ಎರಡನೇ ಭೇಟಿಗೆ ಸಿವಿಲ್ ಇಂಜಿನಿಯರನ್ನು ಕರೆತರಬಹುದೇ ಎಂದು ಕೇಳಿ.

ಬಾಯಿಯ ವಿಷಯ ಬಂತು. ‘ಅಯ್ಯೋ, ಅಡುಗೆಮನೆ ಈಶಾನ್ಯದಲ್ಲಿದೆಯಲ್ಲ’ ಎಂದು ಮೂವತ್ತು ವರ್ಷ ಅಲ್ಲಿ ಅಡುಗೆ ಮಾಡಿದ ಹೆಂಗಸಿನ ಮುಂದೆ ಹೇಳುವವರಿದ್ದಾರೆ. ವಾಸ್ತು ನೋಡುವುದಿದ್ದರೆ ಸುಮ್ಮನೆ ನೋಡಿಕೊಳ್ಳಿ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಬೀರು, ಫ್ರಿಜ್, ಮೋಟರ್ ಹತ್ತಿರ ತಪ್ಪು ತೋರಿಸುತ್ತದೆ, ನಾಲ್ಕು ಹೆಜ್ಜೆ ದೂರ ನಿಂತು ಹಿಡಿಯಿರಿ. ಅತಿ ಹೊಗಳಿಕೆಯೂ ಬೇಡ. ‘ನಮಗೆ ಇದೇ ಬೇಕು’ ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರೂ ಬ್ರೋಕರ್ ಕಿವಿಗೆ ಬೀಳುತ್ತದೆ, ಅಲ್ಲಿಗೆ ಬೆಲೆ ಇಳಿಯುವ ಆಸೆ ಬಿಡಿ. ಬ್ರೋಕರ್ ತೋರಿಸಿದ ಮನೆಯ ಮಾಲೀಕರ ನಂಬರನ್ನು ಗುಟ್ಟಾಗಿ ಇಸಕೊಳ್ಳುವುದು ಸಣ್ಣತನ. ಕಮಿಷನ್ ಎಷ್ಟು ಅನ್ನುವುದನ್ನು ಮನೆ ನೋಡುವ ಮುಂಚೆಯೇ ಮಾತಾಡಿಕೊಳ್ಳಿ.

ಮೊದಲ ದಿನವೇ ಕ್ರಯಪತ್ರ ತೋರಿಸಿ ಎನ್ನಬೇಡಿ. ಎರಡನೇ ಸಲ ಹೋದಾಗ ಕ್ರಯಪತ್ರ, ಖಾತಾ, ತೆರಿಗೆ ರಸೀದಿಗಳ ಜೆರಾಕ್ಸ್ ಕೇಳಿ. ಸ್ವತ್ತಿನ ವಿವರ ಸಿಕ್ಕರೆ ಇಸಿಯನ್ನು (ಸ್ವತ್ತಿನ ಮೇಲಿನ ಋಣಭಾರದ ಪ್ರಮಾಣಪತ್ರ) ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ತಾಣದಲ್ಲಿ ನೀವೇ ತೆಗೆಸಿಕೊಳ್ಳಬಹುದು. ಅವನ್ನು ವಕೀಲರು ಓದುವ ತನಕ ಟೋಕನ್ ಹಣ ಒಂದು ರೂಪಾಯಿಯೂ ಕೈದಾಟಬಾರದು, ಬೆಲೆಯ ಮಾತೂ ಆಮೇಲೆಯೇ. ಬೇಡ ಅನ್ನಿಸಿದರೆ ಎರಡು ದಿನದೊಳಗೆ ಫೋನ್ ಮಾಡಿ ‘ನಮಗೆ ಹೊಂದಲಿಲ್ಲ’ ಅಂದುಬಿಡಿ. ಕಾರಣದ ಪಟ್ಟಿ ಯಾರಿಗೂ ಬೇಕಿಲ್ಲ. ಅವರೂ ಇನ್ನೊಬ್ಬ ಗಿರಾಕಿಗೆ ಬಾಗಿಲು ತೆಗೆಯಬೇಕಲ್ಲ.